ಅಳಿದ ಪುಟಗಳೂ ಉಳಿಸುವ ಸಾಧನಗಳೂ

ನಮ್ಮ ಅಕ್ಕನ ಯಜಮಾನರು ಮಲೆನಾಡಿನ ಒಂದು ಹಳ್ಳಿಯ ಶಾಲೆಯಲ್ಲಿ ಮೂವತ್ತು ವರ್ಷಗಳ ಕಾಲ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ನಿವೃತ್ತರಾದ ಬಳಿಕ ಕೆಲವರು ತೋಟದ ಕೆಲಸವನ್ನೂ ಕೆಲವರು ಪುರಾಣಶ್ರವಣವನ್ನೂ ಹಿಡಿಯುವುದುಂಟಷ್ಟೆ. ನಮ್ಮ ಭಾವನವರು ಹಿಡಿದದ್ದು ಜಾಲತಾಣವನ್ನು. 2002ನೆಯ ಇಸವಿಯಲ್ಲಿ ಮನೆಗೆ ಬಂದ ಒಂದು ಗಣಕಯಂತ್ರದ ಮುಂದೆ ಕುಳಿತು, ಊರಿನ ಕೆರೆಗಳ ಹೆಸರು, ಒಂದೊಂದು ಗದ್ದೆಗೂ ಹಿರಿಯರು ಇಟ್ಟಿದ್ದ ಹೆಸರು, ಮದುವೆ ಮುಂಜಿಗಳಲ್ಲಿ ಹೆಂಗಸರು ಹಾಡುತ್ತಿದ್ದ ಹಾಡುಗಳು, ತಮ್ಮ ತಾಯಿಯವರು ಮಾಡುತ್ತಿದ್ದ ತಂಬುಳಿಗಳ ಕ್ರಮ, ಇವನ್ನೆಲ್ಲ ಒಂದೊಂದು ಪುಟವಾಗಿ ಬರೆದು ಜಾಲಕ್ಕೆ ಏರಿಸುತ್ತ ಬಂದರು. ಏಳು ವರ್ಷಗಳ ಕಾಲ ಈ ವ್ರತವು ನಡೆಯಿತು. ತಾಣಕ್ಕೆ ಸ್ಥಳವನ್ನು ಕೊಟ್ಟಿದ್ದವರು ಅದನ್ನು ಧರ್ಮಾರ್ಥವಾಗಿ ಕೊಟ್ಟಿದ್ದರು. ಒಂದು ದಿನ ಅಂಗಡಿಯನ್ನು ಮುಚ್ಚಿಕೊಂಡು ಹೊರಟುಹೋದರು. ಮುಚ್ಚುವ ಮೊದಲು ಇ-ಮೇಲ್ ಮೂಲಕ ಎಚ್ಚರಿಕೆಯನ್ನೇನೋ ಕಳುಹಿಸಿದ್ದರಂತೆ. ಅದು ಹೋದದ್ದು ಭಾವನವರು ತೆರೆದು ನೋಡುವುದನ್ನೇ ಬಿಟ್ಟಿದ್ದ ಒಂದು ಹಳೆಯ ವಿಳಾಸಕ್ಕೆ. ಅಷ್ಟು ಹೊತ್ತಿಗೆ ಗಣಕಯಂತ್ರವೂ ಕೆಟ್ಟು ಗುಜರಿಗೆ ಸೇರಿತ್ತು. 2012ರಲ್ಲಿ ಭಾವನವರೂ ತೀರಿಕೊಂಡರು.

ಹೀಗಿರಲು 2021ರಲ್ಲಿ ಅಕ್ಕನ ಮಗಳು ತನ್ನ ಕೂಸಿನ ನಾಮಕರಣದ ಸಮಯದಲ್ಲಿ, “ಮಾವ, ಅಜ್ಜಿಯ ತೊಟ್ಟಿಲ ಹಾಡನ್ನು ಅಪ್ಪ ಬರೆದು ಹಾಕಿದ್ದರಲ್ಲ, ಅದೆಲ್ಲಿ ಸಿಕ್ಕೀತು?” ಎಂದು ನನ್ನನ್ನು ಕೇಳಿದಳು. ಹಳೆಯ ವಿಳಾಸವನ್ನು ಒತ್ತಿ ನೋಡಿದೆವು. ಅಂಥ ತಾಣವೇ ಇಲ್ಲವೆಂದು ಯಂತ್ರವು ಉತ್ತರ ಕೊಟ್ಟಿತು. ಪ್ರಕೃತ ಲೇಖನವು ಆ ಹಾಡನ್ನು ಹುಡುಕಹೊರಟ ನಾವು ದಾರಿಯಲ್ಲಿ ಪರಿಚಯಮಾಡಿಕೊಂಡ ಸಾಧನಗಳನ್ನು ಕುರಿತದ್ದು. ಈಗ ಮನೆಮನೆಯಲ್ಲಿಯೂ ಯಾರಾದರೊಬ್ಬರು ಬ್ಲಾಗನ್ನೋ ತಾಣವನ್ನೋ ಇಟ್ಟಿರುವುದರಿಂದ, ವಾಚಕರಿಗೆ ಇದರಿಂದ ಕಿಂಚಿತ್ತಾದರೂ ಪ್ರಯೋಜನವಾಗಬಹುದೆಂದು ಬರೆಯುತ್ತಿದ್ದೇನೆ.

ಮೊದಲು ಹೇಳತಕ್ಕದ್ದೇನೆಂದರೆ, ಇಂಥ ನಷ್ಟವು ನಮ್ಮ ಭಾವನವರಿಗೆ ಮಾತ್ರ ಬಂದದ್ದಲ್ಲ. 1994ರಲ್ಲಿ ಅಮೆರಿಕದಲ್ಲಿ ಆರಂಭವಾದ ಜಿಯೋಸಿಟೀಸ್ ಎಂಬ ಸಂಸ್ಥೆಯು ಸಾಮಾನ್ಯ ಜನರಿಗೆ ಪುಕ್ಕಟೆಯಾಗಿ ಜಾಲದ ನಿವೇಶನಗಳನ್ನು ಹಂಚುತ್ತಿತ್ತು. ಲಕ್ಷಗಟ್ಟಲೆ ಜನರು ಅಲ್ಲಿ ಮನೆ ಕಟ್ಟಿದರು. 1999ರಲ್ಲಿ ಯಾಹೂ ಕಂಪೆನಿಯು ಅದನ್ನು ಕೊಂಡುಕೊಂಡು, 2009ರ ಅಕ್ಟೋಬರಿನಲ್ಲಿ ಅಮೆರಿಕದ ತಾಣವನ್ನು ಮುಚ್ಚಿಬಿಟ್ಟಿತು. ಹಾಗೆಯೇ ಅನೇಕ ಬ್ಲಾಗುಗಳನ್ನು ಒಂದೆಡೆಯಲ್ಲಿ ಕುಳಿತು ಓದಲು ಅನುಕೂಲವಾಗಿದ್ದ ಗೂಗಲ್ ರೀಡರ್ ಎಂಬ ಸಾಧನವು 2013ರ ಜುಲೈ ಒಂದರಂದು ನಿಂತಿತು. ಬಾಡಿಗೆಯಿಲ್ಲದ ಮನೆಯಲ್ಲಿ ವಾಸಮಾಡುವವನು ಯಜಮಾನನ ಮನಸ್ಸನ್ನು ಕಾದುಕೊಂಡಿರಬೇಕಾದದ್ದು ಸಹಜವೇ.

ನಮಗೆ ಮೊದಲು ಕೈಹಿಡಿದದ್ದು ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆ. ಬ್ರೂಸ್ಟರ್ ಕೇಲ್ ಎಂಬವರು 1996ರಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಇದನ್ನು ಸ್ಥಾಪಿಸಿದರು. ಲಾಭವನ್ನಪೇಕ್ಷಿಸದ ಒಂದು ಪುಸ್ತಕಭಂಡಾರವೆಂದು ಇದನ್ನು ತಿಳಿಯಬಹುದು. ಇವರ ಯಂತ್ರಗಳು ಒಂದು ಪುಟದಲ್ಲಿರುವ ಕೊಂಡಿಯನ್ನು ಹಿಡಿದು ಇನ್ನೊಂದಕ್ಕೂ ಅಲ್ಲಿಂದ ಮತ್ತೊಂದಕ್ಕೂ ಹೋಗುತ್ತ, ಕಂಡ ಪುಟಗಳನ್ನೆಲ್ಲ ದಿನಾಂಕಸಹಿತ ನಕಲು ಮಾಡಿ ಇಡುತ್ತವೆ. 2001ರಲ್ಲಿ ಈ ಸಂಗ್ರಹವನ್ನು ವೇಬ್ಯಾಕ್ ಮಷೀನ್ ಎಂಬ ಹೆಸರಿನಿಂದ ಸಾರ್ವಜನಿಕರಿಗೆ ತೆರೆದರು. ಅಳಿದುಹೋದ ತಾಣದ ವಿಳಾಸವನ್ನು ಅಲ್ಲಿ ಬರೆದರೆ ಒಂದು ಪಂಚಾಂಗವು ಎದುರಿಗೆ ಬರುವುದು. ಯಾವ ದಿನದ ಮೇಲೆ ವೃತ್ತಾಕಾರದ ಗುರುತಿರುವುದೋ ಆ ದಿನದಲ್ಲಿ ಪುಟವು ಹೇಗಿತ್ತೆಂಬುದನ್ನು ನೋಡಬಹುದು. ಭಾವನವರ ತಾಣದ ಎದುರಿಗೆ ಅಂಥ ಗುರುತುಗಳು ಹನ್ನೊಂದಿದ್ದುವು. ಅಕ್ಕನ ಮಗಳು ಅದನ್ನು ನೋಡಿ ಮಾತನಾಡದೆ ಕುಳಿತುಬಿಟ್ಟಳು.

ಆದರೆ ಎಲ್ಲವೂ ಸಿಕ್ಕಿತೆಂದು ತಿಳಿಯಬಾರದು. ಪರಿವಿಡಿಯಲ್ಲಿ 94 ಪುಟಗಳ ಹೆಸರಿತ್ತು, ದೊರೆತವು 61. ಚಿತ್ರಗಳು ನಾಲ್ಕಾರು ಹೊರತು ಉಳಿದಿರಲಿಲ್ಲ. ಯಂತ್ರವು ಬಂದ ದಿನ ಯಾವ ಕೊಂಡಿಯು ಮುರಿದಿತ್ತೋ, ಯಾವ ಪುಟವು ತೆರೆಯಲು ತಡಮಾಡಿತೋ, ಅದು ಸಂಗ್ರಹಕ್ಕೆ ಸೇರುವುದಿಲ್ಲ. ಆದುದರಿಂದ ತಾಣವುಳ್ಳವರು ಯಂತ್ರವು ತಾನಾಗಿ ಬರುವುದನ್ನು ಕಾಯಬಾರದು. ಅದೇ ಸ್ಥಳದಲ್ಲಿ “ಈಗಲೇ ಉಳಿಸು” ಎಂಬರ್ಥದ ಒಂದು ಗುಂಡಿಯಿದೆ. ಹೊಸ ಪುಟವನ್ನು ಬರೆದ ದಿನವೇ ಅದರ ವಿಳಾಸವನ್ನು ಅಲ್ಲಿ ಕೊಟ್ಟು ಗುಂಡಿಯನ್ನೊತ್ತಿದರೆ ನಕಲು ಸಿದ್ಧವಾಗುವುದು. ಇದಕ್ಕೆ ಕಾಸಿನ ಖರ್ಚಿಲ್ಲ. ಆ ಭಂಡಾರವಾದರೂ ಆಪತ್ತಿಗೆ ಹೊರತಾದದ್ದಲ್ಲ. 2024ರ ಅಕ್ಟೋಬರಿನಲ್ಲಿ ದುಷ್ಕರ್ಮಿಗಳ ದಾಳಿಯಿಂದ ಕೆಲವು ದಿನಗಳವರೆಗೆ ಅದೇ ಬಾಗಿಲು ಮುಚ್ಚಬೇಕಾಯಿತು.

ಪುಟಗಳು ಸಿಕ್ಕಿದರೂ ಓದಲಾಗಲಿಲ್ಲವೆಂಬುದು ಎರಡನೆಯ ಸಂಕಟ. ಕನ್ನಡಕ್ಕೆ ಬದಲಾಗಿ ಇಂಗ್ಲಿಷ್ ಅಕ್ಷರಗಳೂ ಅಂಕಿಗಳೂ ವಿಚಿತ್ರ ಚಿಹ್ನೆಗಳೂ ಸಾಲುಸಾಲಾಗಿ ನಿಂತಿದ್ದುವು. ಇದರ ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯಕ. ಏಕೆಂದರೆ ಕನ್ನಡದ ಎಷ್ಟೋ ಹಳೆಯ ಬರಹಗಳು ಇದೇ ಕಾಯಿಲೆಯಿಂದ ನರಳುತ್ತಿವೆ. ಗಣಕಯಂತ್ರವು ಅಕ್ಷರಗಳನ್ನು ಸಂಖ್ಯೆಗಳಾಗಿ ನೆನಪಿಟ್ಟುಕೊಳ್ಳುತ್ತದೆ. ಹಿಂದಿನ ಕಾಲದ ಕನ್ನಡ ಅಕ್ಷರಮುದ್ರೆಗಳು ಇಂಗ್ಲಿಷ್ ಅಕ್ಷರಗಳಿಗೆಂದು ಮೀಸಲಾಗಿದ್ದ ಸಂಖ್ಯೆಗಳನ್ನೇ ಎರವಲಾಗಿ ಪಡೆದು, ಅವುಗಳ ಮೇಲೆ ಕನ್ನಡದ ವೇಷವನ್ನು ಹಾಕುತ್ತಿದ್ದುವು. ಆ ವೇಷದ ಪೆಟ್ಟಿಗೆ, ಎಂದರೆ ಆ ಅಕ್ಷರಮುದ್ರೆ, ನಮ್ಮ ಯಂತ್ರದಲ್ಲಿಲ್ಲದಿದ್ದರೆ ಒಳಗಿನ ಇಂಗ್ಲಿಷೇ ಬಯಲಾಗುವುದು. ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಹಾಗಲ್ಲ. 1991ರಲ್ಲಿ ಹೊರಬಿದ್ದ ಅದರ ಮೊದಲನೆಯ ಆವೃತ್ತಿಯಿಂದಲೂ ಕನ್ನಡಕ್ಕೆ 128 ಸ್ಥಾನಗಳ ಸ್ವಂತದ ಕೇರಿಯುಂಟು. ಅಲ್ಲಿ ‘ಕ’ ಎಂಬುದು ಲೋಕದ ಯಾವ ಯಂತ್ರದಲ್ಲಿಯೂ ‘ಕ’ವೇ. ಆದರೆ 2002ರ ಸುಮಾರಿಗೆ ನಮ್ಮ ಮನೆಗಳಲ್ಲಿದ್ದ ಅನೇಕ ಯಂತ್ರಗಳಿಗೆ ಅದನ್ನು ಸರಿಯಾಗಿ ಮೂಡಿಸುವ ಸಾಮರ್ಥ್ಯವಿರಲಿಲ್ಲವಾದುದರಿಂದ ಭಾವನವರು ಹಳೆಯ ಪದ್ಧತಿಯಲ್ಲಿಯೇ ಬರೆದಿದ್ದರು.

ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಜಾಲದಲ್ಲಿ ಪುಕ್ಕಟೆಯಾಗಿ ದೊರೆಯುತ್ತವೆ. ಒಂದು ಚೌಕದಲ್ಲಿ ಹಳೆಯದನ್ನು ಸುರಿದರೆ ಇನ್ನೊಂದರಲ್ಲಿ ಹೊಸದು ಬರುವುದು. ಮೊದಲ ಪುಟವನ್ನು ಸುರಿದಾಗ ಆ ಕಸದ ರಾಶಿಯೊಳಗಿಂದ “ಸೊಗದೆ ಬೇರಿನ ತಂಬುಳಿ” ಎಂಬ ಮಾತು ಎದ್ದುಬಂದ ಕ್ಷಣವನ್ನು ನಾನು ಮರೆಯಲಾರೆ. ಪರಿವರ್ತಕವು ಅಲ್ಲಲ್ಲಿ ಎಡವುತ್ತದೆ. ಅರ್ಕಾವತ್ತನ್ನು ಅಕ್ಷರದ ಹಿಂದೆ ಬರೆಯುವುದು ನಮ್ಮ ರೂಢಿ. ಉಚ್ಚರಿಸುವಾಗ ಅದು ಮುಂದೆ ಬರುವುದು. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮವೇ ಪ್ರಮಾಣವಾದುದರಿಂದ ಯಂತ್ರವು ಇಲ್ಲಿ ಸ್ಥಾನಪಲ್ಲಟ ಮಾಡಬೇಕು. ಒತ್ತಕ್ಷರವೂ ದೀರ್ಘವೂ ಕೂಡಿದಲ್ಲಿ ಕೆಲವೊಮ್ಮೆ ತಪ್ಪುತ್ತದೆ. ಆದುದರಿಂದ ಪ್ರತಿಯೊಂದು ಪುಟವನ್ನೂ ಕಣ್ಣಿಟ್ಟು ತಿದ್ದಬೇಕಾಯಿತು. ಸಂದೇಹ ಬಂದ ಶಬ್ದಗಳಿಗೆ ‘ಅಲರ್’ ಎಂಬ ಜಾಲದ ನಿಘಂಟು ಬಹಳ ನೆರವಾಯಿತು. ವಿ. ಕೃಷ್ಣ ಎಂಬ ಮಹನೀಯರು ಹಲವು ದಶಕಗಳ ಕಾಲ ಒಬ್ಬರೇ ಶ್ರಮಿಸಿ ಕೂಡಿಸಿದ ಸುಮಾರು ಒಂದೂವರೆ ಲಕ್ಷ ಕನ್ನಡ ಶಬ್ದಗಳು ಇಂಗ್ಲಿಷ್ ಅರ್ಥಸಹಿತವಾಗಿ ಅದರಲ್ಲಿವೆ; 2019ರಿಂದ ಅದು ಎಲ್ಲರಿಗೂ ಮುಕ್ತವಾಗಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದವರು 2016ರಲ್ಲಿ ತೆರೆದ ‘ಭಾರತವಾಣಿ’ಯಲ್ಲಿಯೂ ನಿಘಂಟುಗಳನೇಕವಿವೆ. ಇನ್ನು ಅಕ್ಷರಗಳನ್ನೊತ್ತುವ ವಿಷಯದಲ್ಲಿ, ಕೆ. ಪಿ. ರಾವ್ ಅವರು ಯೋಜಿಸಿದ ಕೀಲಿಮಣೆಯ ವಿನ್ಯಾಸವನ್ನು ಒಂದು ವಾರ ಶ್ರದ್ಧೆಯಿಂದ ಅಭ್ಯಾಸಮಾಡುವವರಿಗೆ ಮುಂದೆ ಜೀವಮಾನವೆಲ್ಲ ಸುಖವಿದೆ. ಮೊಬೈಲಿನಲ್ಲಿ ಮಾತನಾಡಿ ಬರೆಯಿಸುವ ಉಪಾಯವು ಚೆನ್ನಾದದ್ದೇ. ಆದರೆ ನಮ್ಮ ಮಲೆನಾಡಿನ ಗದ್ದೆಗಳ ಹೆಸರನ್ನು ಅದಕ್ಕೆ ಹೇಳಿ ನೋಡಿರಿ, ನಗು ಬರುವುದು.

ಹೊಸ ಮನೆಯನ್ನು ಕಟ್ಟುವಾಗ ಎಲ್ಲಿ ಕಟ್ಟಬೇಕೆಂಬ ಪ್ರಶ್ನೆ ಬಂದಿತು. 1999ರಲ್ಲಿ ಹುಟ್ಟಿ 2003ರಲ್ಲಿ ಗೂಗಲಿನ ವಶವಾದ ಬ್ಲಾಗರ್ ಸುಲಭವಾದದ್ದು, ಪುಕ್ಕಟೆಯೂ ಹೌದು. 2003ರಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಎಂಬವರು ಹೊರತಂದ ವರ್ಡ್‌ಪ್ರೆಸ್ ಎಂಬುದು ಮುಕ್ತ ತಂತ್ರಾಂಶ. ಅದನ್ನು ಯಾವ ಬಾಡಿಗೆಯ ಯಂತ್ರದ ಮೇಲೆ ಬೇಕಾದರೂ ಹೂಡಿಕೊಳ್ಳಬಹುದು, ಬೇಡವೆನಿಸಿದರೆ ಗಂಟುಮೂಟೆ ಕಟ್ಟಿಕೊಂಡು ಬೇರೆಡೆಗೆ ಹೋಗಬಹುದು. ಒಮ್ಮೆ ಸುಟ್ಟುಕೊಂಡವರಾದುದರಿಂದ ನಾವು ಎರಡನೆಯದನ್ನೇ ಆರಿಸಿದೆವು. ಯಾವುದನ್ನಾರಿಸಿದರೂ ಬರೆದದ್ದನ್ನೆಲ್ಲ ಒಂದೇ ಕಡತವಾಗಿ ಹೊರತೆಗೆದುಕೊಳ್ಳುವ ಸೌಕರ್ಯವು ಎರಡರಲ್ಲಿಯೂ ಇದೆ. ತಿಂಗಳಿಗೊಮ್ಮೆ ಹಾಗೆ ತೆಗೆದು, ಒಂದು ಪ್ರತಿಯನ್ನು ಮನೆಯ ಯಂತ್ರದಲ್ಲಿಯೂ ಇನ್ನೊಂದನ್ನು ಬೇರೊಂದು ಊರಿನ ನೆಂಟರ ಮನೆಯಲ್ಲಿಯೂ ಇರಿಸತಕ್ಕದ್ದು.

ತಾಣದ ಹೆಸರಿನ ವಿಷಯದಲ್ಲಿ ಗೃಹಸ್ಥರು ಬಹಳ ಎಚ್ಚರವಾಗಿರಬೇಕು. ಹೆಸರನ್ನು ನಾವು ಕೊಳ್ಳುವುದಿಲ್ಲ. ವರ್ಷಕ್ಕೊಮ್ಮೆ ಕಂದಾಯ ಕಟ್ಟಿ ಅನುಭವಿಸುತ್ತೇವೆ, ಅಷ್ಟೆ. ಗಡುವು ಮೀರಿದರೆ ಮತ್ತೊಬ್ಬರು ಹಿಡಿದುಕೊಳ್ಳಬಹುದು. ತಾಣವನ್ನು ಕಟ್ಟಿಕೊಟ್ಟ ಹುಡುಗನ ಹೆಸರಿನಲ್ಲಿ ನೋಂದಣಿಯಾಗಿದ್ದು, ಆತನು ಪರದೇಶಕ್ಕೆ ಹೋದ ಮೇಲೆ ಯಜಮಾನರು ತಮ್ಮ ತಾಣಕ್ಕೆ ತಾವೇ ಪರಕೀಯರಾದ ನಿದರ್ಶನವನ್ನು ನಾನು ಬಲ್ಲೆ. ನೋಂದಣಿಯು ತಮ್ಮ ಸ್ವಂತ ಹೆಸರಿನಲ್ಲಿಯೂ, ತಾವು ದಿನವೂ ತೆರೆಯುವ ಇ-ಮೇಲ್ ವಿಳಾಸದಲ್ಲಿಯೂ ಇರಲಿ; ರಹಸ್ಯಪದವನ್ನು ಮನೆಯ ಇನ್ನೊಬ್ಬರೂ ತಿಳಿದಿರಲಿ. ಭಾವನವರ ವಿಷಯದಲ್ಲಿ ತಪ್ಪಿದ್ದು ಇದೇ. ಈಗ ಕನ್ನಡ ಲಿಪಿಯಲ್ಲಿಯೇ ‘.ಭಾರತ’ ಎಂದು ಕೊನೆಗೊಳ್ಳುವ ಹೆಸರನ್ನು ಪಡೆಯುವುದೂ ಸಾಧ್ಯ. ನೋಡಲು ಸೊಗಸಾಗಿದೆ, ಆದರೆ ಅದನ್ನು ಒತ್ತಲು ಓದುಗರ ಬಳಿ ಕನ್ನಡದ ಕೀಲಿಮಣೆಯಿರಬೇಕೆಂದು ನಾವು ಹಿಂಜರಿದೆವು.

ವಿಳಾಸದ ಪಕ್ಕದಲ್ಲಿ ಬೀಗದ ಗುರುತನ್ನು ತೋರಿಸುವ ಪ್ರಮಾಣಪತ್ರಕ್ಕೆ ಹಿಂದೆ ಹಣ ತೆರಬೇಕಾಗಿತ್ತು. 2015ರಿಂದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಪರೋಪಕಾರಿ ಸಂಸ್ಥೆಯು ಅದನ್ನು ಪುಕ್ಕಟೆಯಾಗಿ ಕೊಡುತ್ತಿದೆ. ಅದರ ಅವಧಿಯು ಕಡಮೆಯಾದರೂ ಯಂತ್ರವೇ ತಾನಾಗಿ ನವೀಕರಿಸಿಕೊಳ್ಳುವ ಏರ್ಪಾಟಿದೆ. ಪ್ರಮಾಣಪತ್ರಕ್ಕೆಂದು ಯಾರಾದರೂ ಸಾವಿರಾರು ರೂಪಾಯಿಗಳ ಪಟ್ಟಿಯನ್ನು ಕೊಟ್ಟರೆ, ಏಕೆಂದು ಕೇಳಿ ನೋಡಬಹುದು.

ಅಕ್ಷರಗಳ ಅಂದಕ್ಕೆ ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ ಮೊದಲಾದ ಮುಕ್ತ ಅಕ್ಷರಮುದ್ರೆಗಳಿವೆ. ಚಿತ್ರಗಳ ಭಾರವನ್ನು ಇಳಿಸಲು ಸ್ಕ್ವೂಶ್ ಎಂಬುದನ್ನು ಬಳಸಿದೆವು. ಚಿತ್ರವು ನಮ್ಮ ಯಂತ್ರವನ್ನು ಬಿಟ್ಟು ಹೊರಗೆ ಹೋಗದೆಯೇ ಹಗುರವಾಗುವುದೆಂಬುದು ಅದರ ವಿಶೇಷ. ಮುರಿದ ಕೊಂಡಿಗಳನ್ನು ಹುಡುಕಿ ತೋರಿಸಲು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂನವರ ಪರೀಕ್ಷಕವಿದೆ. ಗೂಗಲಿನ ಸರ್ಚ್ ಕನ್ಸೋಲಿನಲ್ಲಿ ತಾಣವನ್ನು ನೋಂದಾಯಿಸಿದರೆ, ಜನರು ಏನನ್ನು ಹುಡುಕುತ್ತ ನಮ್ಮ ಮನೆಗೆ ಬಂದರೆಂಬುದು ತಿಳಿಯುವುದು. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ತಂಬುಳಿಗಾಗಿ ಬರುತ್ತಾರೆ. ಕೆರೆಗಳನ್ನು ಕೇಳುವವರು ವಿರಳ. ಭಾವನವರು ಅತ್ಯಂತ ಪರಿಶ್ರಮದಿಂದ ಬರೆದದ್ದು ಕೆರೆಗಳ ಮೇಲೆಯೇ ಎಂಬುದನ್ನು ನೆನೆದರೆ ಸ್ವಲ್ಪ ಬೇಸರವಾಗುತ್ತದೆ.

ಕಳೆದುಹೋದ ಚಿತ್ರಗಳ ಜಾಗದಲ್ಲಿ ಜಾಲದಲ್ಲಿ ಕಂಡ ಯಾವುದೋ ಚಿತ್ರವನ್ನು ಎತ್ತಿ ಹಾಕೋಣವೆಂದು ಒಬ್ಬ ಬಂಧುಗಳು ಸಲಹೆಕೊಟ್ಟರು. ಇದು ಯೋಗ್ಯವಲ್ಲ, ನ್ಯಾಯಸಮ್ಮತವೂ ಅಲ್ಲ. ನಮ್ಮ ದೇಶದ 1957ನೆಯ ಇಸವಿಯ ಕೃತಿಸ್ವಾಮ್ಯದ ಕಾಯಿದೆಯು ಇತರರ ಚಿತ್ರಗಳಿಗೂ ಅನ್ವಯಿಸುತ್ತದೆ. ವಿಕಿಮೀಡಿಯ ಕಾಮನ್ಸ್ ಎಂಬಲ್ಲಿ ಕರ್ತೃಗಳೇ ಅನುಮತಿಯಿತ್ತ ಚಿತ್ರಗಳು ವಿಪುಲವಾಗಿವೆ. ಅವರ ಹೆಸರನ್ನು ಕೆಳಗೆ ಬರೆದು, ಅಲ್ಲಿ ಹೇಳಿರುವ ನಿಬಂಧನೆಗಳಂತೆ ಬಳಸಬಹುದು. ಒಂದೆಲಗ, ಸೊಗದೆಗಳ ಚಿತ್ರಗಳನ್ನು ಹಾಗೆ ಪಡೆದೆವು. ಊರಿನ ಕೆರೆಯ ಚಿತ್ರವನ್ನು ಹೋಗಿ ತೆಗೆದುಕೊಂಡು ಬಂದೆವು.

ಅಕ್ಕನಿಗೆ ಈಗ ಕಣ್ಣು ಮಸುಕಾಗಿದೆ. ಎನ್‌ವಿಡಿಎ ಎಂಬ ಪುಕ್ಕಟೆ ತಂತ್ರಾಂಶವು ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳುತ್ತದೆ. ದನಿಯು ಒರಟು, ಆದರೂ ಮಾತು ತಿಳಿಯುತ್ತದೆ. ಹಳೆಯ ಪದ್ಧತಿಯ ಅಕ್ಷರಗಳಾಗಿದ್ದರೆ ಇದೂ ಸಾಧ್ಯವಾಗುತ್ತಿರಲಿಲ್ಲ. ತಾಣವು ಸಿದ್ಧವಾದ ದಿನ ಅಕ್ಕನನ್ನು ಕೂರಿಸಿ ಪರಿವಿಡಿಯನ್ನು ಓದಿಸಿದೆವು. ಎಪ್ಪತ್ತೆರಡನೆಯ ಸಾಲಿನಲ್ಲಿ “ಅಮ್ಮನ ತೊಟ್ಟಿಲ ಹಾಡು” ಎಂದಿತ್ತು. ಅದರ ಹೆಸರು ಮಾತ್ರವೇ ಉಳಿದು ಪುಟವು ಸಿಕ್ಕದೆ ಹೋದ ಮೂವತ್ತಮೂರರಲ್ಲಿ ಅದೂ ಒಂದು. ಯಂತ್ರವು ಆ ಸಾಲನ್ನು ಓದಿ ಮುಂದಕ್ಕೆ ಹೋಯಿತು, ಅಕ್ಕ ಹೋಗಲಿಲ್ಲ. “ನಿಲ್ಲಿಸಿರೋ” ಎಂದು ಹೇಳಿ, ಅತ್ತೆಯವರು ಹಾಡುತ್ತಿದ್ದ ಧಾಟಿಯಲ್ಲಿ ಮೆಲ್ಲಗೆ ಗುನುಗತೊಡಗಿದಳು. ಮಗಳು ಮೊಬೈಲನ್ನು ತೆರೆದು ಧ್ವನಿಯನ್ನು ಹಿಡಿದಿಟ್ಟುಕೊಂಡಳು. ಎರಡು ನುಡಿಗಳು ಪೂರ್ತಿಯಾಗಿಯೂ ಮೂರನೆಯದು ಅರ್ಧವೂ ಬಂದುವು. ಉಳಿದುದು ಆಕೆಗೆ ನೆನಪಿಗೆ ಬರಲಿಲ್ಲ.

ಆ ಪುಟವನ್ನು ಅಷ್ಟರಲ್ಲಿಯೇ ಏರಿಸಿದ್ದೇವೆ; ಮೂರನೆಯ ನುಡಿಯ ಕೆಳಗೆ ನಾಲ್ಕು ಸಾಲುಗಳ ಜಾಗವನ್ನು ತೆರಪಾಗಿ ಬಿಟ್ಟಿದೆ. ಅದೇ ದಿನ ಸಂಜೆ ಅಕ್ಕನ ಮಗಳು ಪುಟದ ವಿಳಾಸವನ್ನು ಆರ್ಕೈವಿಗೂ ಕೊಟ್ಟು ಗುಂಡಿಯನ್ನೊತ್ತಿದಳು.