ವೈದ್ಯರ ಚೀಟಿ ಕಂಪ್ಯೂಟರಿಗೆ: ಕೆಜಿಎಫ್‌ ರೋಗಿಗೇನು ಲಾಭ?

ಊರಿಗಾಂ: ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಇಲ್ಲಿನ ಕಾರ್ಮಿಕ ಕುಟುಂಬಗಳಿಗೆ ಕಂಪೆನಿಯ ಆಸ್ಪತ್ರೆಯೇ ಆಸರೆಯಾಗಿತ್ತು. 2001ರ ಫೆಬ್ರುವರಿ 28ರಂದು ಬಿಜಿಎಂಎಲ್‌ ಗಣಿಗಳು ಮುಚ್ಚಿದ ಬಳಿಕ ಆ ಆಸರೆಯೂ ತಪ್ಪಿತು. ಈಗ ರಾಬರ್ಟ್‌ಸನ್‌ಪೇಟೆಯ ಸರ್ಕಾರಿ ಆಸ್ಪತ್ರೆ, ಅಲ್ಲಿಂದ ಕೋಲಾರ, ಅದೂ ಸಾಲದಿದ್ದರೆ ಬಂಗಾರಪೇಟೆ ಮಾರ್ಗವಾಗಿ ರೈಲಿನಲ್ಲಿ ಬೆಂಗಳೂರು. ಹೀಗೆ ಒಬ್ಬನೇ ರೋಗಿ ಮೂರು ಊರಿನ ಚೀಟಿ ಹಿಡಿದು ಅಲೆಯುವುದುಂಟು.

ಚೀಟಿಯಲ್ಲಿ ತಪ್ಪು ನುಸುಳಲು ಹೆಚ್ಚೇನೂ ಬೇಕಿಲ್ಲ. ಕ್ಲೋರ್‌ಪ್ರೊಪಮೈಡ್‌ ಸಕ್ಕರೆ ಕಾಯಿಲೆಯ ಔಷಧಿ, ಕ್ಲೋರ್‌ಪ್ರೊಮಜೈನ್‌ ಮನೋರೋಗದ್ದು. ಅವಸರದ ಬರಹದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಇನ್ಸುಲಿನ್‌ ಪ್ರಮಾಣದ ಮುಂದೆ ಯೂನಿಟ್‌ ಎಂಬುದಕ್ಕೆ ಬರೆದ ಇಂಗ್ಲಿಷಿನ ‘ಯು’ ಅಕ್ಷರ ಸೊನ್ನೆಯಂತೆ ಕಂಡರೆ 10 ಯೂನಿಟ್‌ 100 ಆಗುತ್ತದೆ. ಔಷಧಿಯ ಮೂಲ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟೂ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ತಿದ್ದಿದ್ದು ಇದೇ ಕಾರಣಕ್ಕೆ.

ಎಲೆಕ್ಟ್ರಾನಿಕ್‌ ಚೀಟಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ವೈದ್ಯರು ಪಟ್ಟಿಯಿಂದ ಔಷಧಿ ಆರಿಸುತ್ತಾರೆ. ಪೆನಿಸಿಲಿನ್‌ ಒಗ್ಗದವರಿಗೆ ಅದನ್ನೇ ಬರೆದರೆ, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್‌ ನುಂಗುತ್ತಿರುವವರಿಗೆ ಆಸ್ಪಿರಿನ್‌ ಸೇರಿಸಿದರೆ ಪರದೆ ಎಚ್ಚರಿಸುತ್ತದೆ. ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಈ ಪದ್ಧತಿಯಿಂದ ಗಂಭೀರ ಔಷಧಿ ದೋಷಗಳು ಶೇ. 55ರಷ್ಟು ಇಳಿದವೆಂದು 1998ರ ಅಧ್ಯಯನ ತಿಳಿಸಿತು. ಆದರೆ 2005ರಲ್ಲಿ ಪೆನ್ಸಿಲ್ವೇನಿಯಾದ ಸಂಶೋಧಕರು, ಇಂಥ ವ್ಯವಸ್ಥೆಯೇ 22 ಬಗೆಯ ತಪ್ಪುಗಳಿಗೆ ದಾರಿ ಮಾಡುತ್ತದೆಂದು ತೋರಿಸಿದರು. ಪಟ್ಟಿಯಲ್ಲಿ ಪಕ್ಕದ ಹೆಸರಿನ ಮೇಲೆ ಒತ್ತಿದರೆ ಸಾಕು, ಅಚ್ಚುಕಟ್ಟಾಗಿ ಮುದ್ರಿತವಾದ ತಪ್ಪು ಚೀಟಿ ಸಿದ್ಧ! ಅದನ್ನು ಅನುಮಾನಿಸುವವರೂ ಕಡಿಮೆ.

ಕೆಜಿಎಫ್‌ನಂಥ ಕಡೆ ಇನ್ನೊಂದು ತೊಡಕಿದೆ. ಕೋಲಾರದ ಕಂಪ್ಯೂಟರಿನಲ್ಲಿರುವುದು ಬೆಂಗಳೂರಿನ ವೈದ್ಯರಿಗೆ ಕಾಣದಿದ್ದರೆ ವಾರ್ಫರಿನ್‌ ಎಚ್ಚರಿಕೆ ಮೂಡುವುದಾದರೂ ಹೇಗೆ? 2021ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಆರಂಭವಾದ ಆಯುಷ್ಮಾನ್‌ ಭಾರತ್‌ ಡಿಜಿಟಲ್‌ ಮಿಷನ್‌ ಈ ಕೊಂಡಿಯನ್ನೇ ಬೆಸೆಯಲು ಹೊರಟಿದೆ. 14 ಅಂಕಿಗಳ ‘ಆಭಾ’ ಸಂಖ್ಯೆಯ ಮೂಲಕ, ರೋಗಿಯ ಒಪ್ಪಿಗೆ ಪಡೆದು, ಒಂದು ಆಸ್ಪತ್ರೆಯ ದಾಖಲೆಯನ್ನು ಇನ್ನೊಂದು ನೋಡಬಹುದು. ಎರಡೂ ಆಸ್ಪತ್ರೆಗಳು ಜಾಲಕ್ಕೆ ಸೇರಿರಬೇಕು. ಮೊದಲ ಆಸ್ಪತ್ರೆ ಔಷಧಿಯ ವಿವರವನ್ನು ರೋಗಿಯ ಸಂಖ್ಯೆಗೆ ಜೋಡಿಸಿರಬೇಕು. ಒಪ್ಪಿಗೆ ನೀಡಲು ಸಾಮಾನ್ಯವಾಗಿ ಮೊಬೈಲ್‌ ಬೇಕು. ಮೊಬೈಲ್‌ ಮಗನ ಬಳಿ, ಮಗ ಬೆಂಗಳೂರಿನ ಕೆಲಸದಲ್ಲಿ ಎಂಬಂಥ ಮನೆಗಳ ಹಿರಿಯರು ಸದ್ಯಕ್ಕೆ ಹಳೆಯ ಚೀಟಿಗಳನ್ನೂ ನುಂಗುತ್ತಿರುವ ಮಾತ್ರೆಗಳ ಪಟ್ಟಿಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು, ಹೋದಲ್ಲೆಲ್ಲ ವೈದ್ಯರ ಮುಂದಿಡುವುದೇ ಸುರಕ್ಷಿತ.