ಬಾಟಲಿ ನೀರು ನೇರ ಮೆಷಿನ್ನಿಗೆ ಹೋಗುವುದಿಲ್ಲ

ಹೆಗ್ಗೋಡಿನ ಕಡೆ ಅಡಿಕೆಗೆ ಔಷಧಿ ಹೊಡೆದು ಮುಗಿದ ಮೇಲೆ ಬಾವಿ ನೀರಿನ ಬಗ್ಗೆ ಅನುಮಾನ ಏಳುವುದು ಸಹಜ. "ಒಂದು ಬಾಟಲಿ ಲ್ಯಾಬಿಗೆ ಕೊಟ್ಟರಾಯ್ತು, ಮೆಷಿನ್ ಎಲ್ಲಾ ಹೇಳ್ತದೆ" ಎಂಬುದು ಜನರ ನಂಬಿಕೆ.

ಹೇಳುವುದಿಲ್ಲ. ಅಂಗಡಿಯ ಬಾಟಲಿ ನೀರಿನಲ್ಲಿ ಯಾವುದೇ ಒಂದು ಕೀಟನಾಶಕಕ್ಕೆ ಭಾರತೀಯ ಮಾನಕದ ಮಿತಿ ಲೀಟರಿಗೆ 0.1 ಮೈಕ್ರೊಗ್ರಾಂ, ಅಂದರೆ ಗ್ರಾಮಿನ ಕೋಟಿಯಲ್ಲೊಂದು ಪಾಲು. ಎಷ್ಟೋ ಯಂತ್ರಗಳಿಗೆ ಇದು ಕಾಣುವುದೇ ಇಲ್ಲ. ಅರ್ಧ ಲೀಟರ್ ನೀರನ್ನು ಹೀರುವಸ್ತುವಿನ ಮೇಲೆ ಹಾಯಿಸಿ, ಅಂಟಿದ್ದನ್ನೆಲ್ಲ ಒಂದು ಮಿಲಿಲೀಟರ್ ದ್ರಾವಕಕ್ಕೆ ಬಿಡಿಸಿಕೊಂಡರೆ ಅದೇ ವಿಷ 500 ಪಟ್ಟು ಗಟ್ಟಿಯಾಗುತ್ತದೆ. ಲ್ಯಾಬಿನವರ ಹೊತ್ತು ಹೋಗುವುದೇ ಇದರಲ್ಲಿ.

ಹಾಗಾದರೆ ಇದು ಸೋಸುವ ಕೆಲಸವೇ? ಅದೂ ಅಲ್ಲ. ಕರಗಿದ ಅಣು ಬಟ್ಟೆಗೆ ಸಿಗದು. ಭೀಮನಕೋಣೆಯ ಚರಕ ಕೈಮಗ್ಗ ಸಂಘದಲ್ಲಿ ಅಡಿಕೆ ಚೊಗರಿನ ಬಣ್ಣವನ್ನು ನೂಲು ಹಿಡಿದುಕೊಳ್ಳುವ ಹಾಗೆ ಅಣು ಇಲ್ಲಿ ಮೇಲ್ಮೈಗೆ ಹತ್ತುತ್ತದೆ. ಲ್ಯಾಬುಗಳ ಮಾಮೂಲಿ ಸಿ-18 ಸಿಲಿಕಾ ಎಂಬ ಹೀರುವಸ್ತು ಎಣ್ಣೆಯ ಗುಣದವನ್ನು ಚೆನ್ನಾಗಿ ಹಿಡಿಯುತ್ತದೆ. ಕಳೆನಾಶಕ ಗ್ಲೈಫೋಸೇಟ್ ಮಾತ್ರ ನೀರಿನ ಜೊತೆಗೇ ಜಾರಿಹೋಗುತ್ತದೆ.

ಕರೆಂಟ್ ಹರಿಯುವ ಪ್ಲಾಸ್ಟಿಕ್, ಅಂದರೆ ವಾಹಕ ಪಾಲಿಮರ್‌ಗಳತ್ತ ರಸಾಯನಶಾಸ್ತ್ರಜ್ಞರು ಕಣ್ಣು ಹಾಯಿಸಿದ್ದಕ್ಕೆ ಇಂಥ ಜಾರುವಿಕೆಯೂ ಒಂದು ಕಾರಣ. ಪ್ಲಾಸ್ಟಿಕ್ಕಿನಲ್ಲಿ ಕರೆಂಟ್ ಹರಿಯದು ಎಂಬ ಮಾತು 1977ರಲ್ಲೇ ಸುಳ್ಳಾಯಿತು. ಅದನ್ನು ತೋರಿಸಿದ ಹೀಗರ್, ಮ್ಯಾಕ್‌ಡಿಯರ್ಮಿಡ್, ಶಿರಾಕಾವಾ ಅವರಿಗೆ 2000ದಲ್ಲಿ ನೊಬೆಲ್ ಬಂತು. ಆದರೆ ಈ ಪಾಲಿಮರ್ ಕರೆಂಟಿನಿಂದಲೇ ವಿಷ ಎಳೆಯುತ್ತದೆ ಎಂದುಕೊಂಡರೆ ತಪ್ಪು. ಹೆಚ್ಚಿನ ಬಳಕೆಯಲ್ಲಿ ಕರೆಂಟೇ ಬೇಡ. ಇಂಥದ್ದೇ ಪಾಲಿಮರ್ ಆದ ಪಾಲಿಪಿರೋಲ್‌ನ ಉಂಗುರಗಳು ಉಂಗುರವಿರುವ ಅಣುಗಳನ್ನು ತಬ್ಬುತ್ತವೆ. ಸರಪಳಿಯ ಧನ ಆವೇಶ ಋಣ ಅಯಾನುಗಳನ್ನು ಕೂರಿಸಿಕೊಳ್ಳುತ್ತದೆ. ನೀರಿನಲ್ಲಿ ಗ್ಲೈಫೋಸೇಟ್ ಇರುವುದೂ ಋಣ ಅಯಾನಾಗಿಯೇ. ಕರೆಂಟಿನ ಚಮತ್ಕಾರ ಬೇರೆ: ವೋಲ್ಟೇಜ್ ಬದಲಿಸಿ ಆವೇಶ ಕಳೆದರೆ ಹಿಡಿದದ್ದನ್ನು ಅದು ತಾನೇ ಬಿಡುತ್ತದೆ. ವೋಲ್ಟೇಜ್ ಅತಿಯಾದರೆ ಪಾಲಿಮರೇ ಕೆಡುತ್ತದೆ.

ಎಲ್ಲವನ್ನೂ ಹಿಡಿಯುವ ವಸ್ತುವೂ ಇದಲ್ಲ. ನೀರಿನ ಕ್ಲೋರೈಡ್, ನೈಟ್ರೇಟ್ ಅದೇ ಜಾಗಕ್ಕೆ ಪೈಪೋಟಿಗಿಳಿಯುತ್ತವೆ. ನೂರು ಲೀಟರ್ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋದಂತೆ ಹಾಕಿದ ಮೈಲುತುತ್ತದ ಸಲ್ಫೇಟೂ ಅಷ್ಟೇ. ಮೈಲುತುತ್ತದ ತಾಮ್ರವೋ ಧನ ಅಯಾನು, ಈ ಪಾಲಿಮರ್ ಹಿಡಿತಕ್ಕೆ ಸುಲಭಕ್ಕೆ ಬಾರದು. ತಾಮ್ರದ ಪರೀಕ್ಷೆಯ ದಾರಿಯೇ ಬೇರೆ: ಅದಕ್ಕೆ ನೈಟ್ರಿಕ್ ಆಮ್ಲ ಹಾಕಿದ ಬಾಟಲಿ ಬೇರೆ, ಕೀಟನಾಶಕ ಕಳೆನಾಶಕಗಳ ಬಾಟಲಿ ಬೇರೆ. ಯಾವುದಕ್ಕೆ ಯಾವ ಬಾಟಲಿ ಎಂದು ನೀರು ತುಂಬುವ ಮೊದಲೇ ಲ್ಯಾಬಿನವರನ್ನು ಕೇಳಬೇಕು.