ಮುದಿ ಮೊಲಕ್ಕೆ ಲಂಘನ ಸಲ್ಲದು

ಲಂಘನಂ ಪರಮೌಷಧಂ ಎಂಬ ಮಾತು ನಮ್ಮವರ ಬಾಯಲ್ಲಿ ಸದಾ ಇರುವಂಥದು. ಮೊಲದ ವಿಷಯದಲ್ಲಿ ಮಾತ್ರ ಅದು ಸರ್ವಥಾ ಸಲ್ಲದು. ಮೊಲದ ಕರುಳು ನಿರಂತರವಾಗಿ ಚಲಿಸುತ್ತಿರಬೇಕು. ಅದು 12 ಗಂಟೆ ಮೇವು ಮುಟ್ಟದೆ, ಹಿಕ್ಕೆಯನ್ನೂ ಹಾಕದೆ ಇದ್ದರೆ ಪ್ರಾಣಕ್ಕೇ ಅಪಾಯ.

ಮಾರ್ಕೆಟ್ ಯಾರ್ಡಿನ ಹೋಟೆಲೊಂದರ ಮಹಡಿಯಲ್ಲಿ ಹುಡುಗರು ಸಾಕಿರುವ ಎಂಟು ವರ್ಷದ ಮೊಲವು ಇತ್ತೀಚೆಗೆ ಮೇವು ಬಿಟ್ಟಿತು. ಹಸಿವಿನಿಂದ ಬಳಿಗೆ ಬರುವುದು, ಕಚ್ಚಿ ಬಿಟ್ಟುಬಿಡುವುದು. "ಹಟ, ನಾಳೆ ತಾನೇ ತಿಂದೀತು" ಎಂದರು ಹಿರಿಯ ಭಟ್ಟರು. ಹುಡುಗರು ಕೇಳದೆ ಪಶುವೈದ್ಯರಲ್ಲಿಗೆ ಒಯ್ದುದೇ ಲೇಸಾಯಿತು. ಮೊಲದ ಹಲ್ಲು ಜೀವವಿರುವವರೆಗೂ ಬೆಳೆಯುತ್ತದೆ. ದವಡೆಹಲ್ಲು ಓರೆಯಾಗಿ ಸವೆದರೆ ಅದರ ಮೊನೆ ನಾಲಗೆಯನ್ನು ಇರಿಯುತ್ತದೆ. ವೈದ್ಯರು ಮಂಪರು ಕೊಟ್ಟು ಮೊನೆಯನ್ನು ಉಜ್ಜಿ ತೆಗೆದು, ನೋವಿಗೆ ಔಷಧವಿತ್ತರು.

ಇನ್ನು ತಿನ್ನಿಸುವ ಬಗೆ. ಕೊತ್ತಂಬರಿ, ಪುದೀನಗಳ ಪರಿಮಳಕ್ಕೆ ಮೊಲದ ಮೂಗು ಬೇಗನೆ ಸೋಲುತ್ತದೆ. ಸೊಪ್ಪಿನ ಲಾರಿಗಳು ಬಂದಿಳಿಯುವ ಯಾರ್ಡಿನಲ್ಲಿ ಅದಕ್ಕೇನು ಬರ! ತೊಳೆದು, ಒದ್ದೆಯಾಗಿಯೇ ಮುಂದೆ ಹಿಡಿಯಬೇಕು. ಒಣಹುಲ್ಲು ಸದಾ ಬಳಿಯಲ್ಲಿರಬೇಕು. ಆಗಲೂ ಒಲ್ಲದಿದ್ದರೆ, ವೈದ್ಯರು ಹೇಳಿದ ಹುಲ್ಲಿನ ಹಿಟ್ಟಿನ ಗಂಜಿಯನ್ನು ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಯ ಪಕ್ಕದಲ್ಲಿ ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಹೊಟ್ಟೆ ಉಬ್ಬಿ ಬಿಗಿದಿದ್ದರೆ ಅದೂ ಕೂಡದು. ಮೊಲಕ್ಕೆ ವಾಂತಿಮಾಡುವ ಶಕ್ತಿಯಿಲ್ಲ. ಹೋಟೆಲಿನವರಾದ ನಮಗೆ ಅನ್ನ, ಬ್ರೆಡ್ಡು ಹಾಕುವ ಚಾಪಲ್ಯ ಸಹಜ, ಅದನ್ನು ಬಿಡಬೇಕು. ಮನುಷ್ಯರಿಗೆಂದು ತಂದ ಅಮಾಕ್ಸಿಸಿಲಿನ್ ಮಾತ್ರೆಯಂತೂ ಮೊಲದ ಕರುಳಿಗೆ ವಿಷವೇ ಸರಿ.

ಎಷ್ಟು ತಿಂದಿತು, ಎಷ್ಟು ಹಿಕ್ಕೆ ಹಾಕಿತು ಎಂಬುದನ್ನು ಹೊತ್ತುಹೊತ್ತಿಗೆ ಬರೆದಿಟ್ಟು ವೈದ್ಯರಿಗೆ ತೋರಿಸಬೇಕು. ಗಲ್ಲೆಯ ಲೆಕ್ಕ ಬರೆಯುವ ನಮ್ಮ ಗುಮಾಸ್ತರಿಗೆ ಇದೇನೂ ಹೊಸ ವಿದ್ಯೆಯಲ್ಲ.